ಕುಣಿಗಲ್ ಸೀಮೆಯ ಹುಡುಗರು ಆಫ್ರಿಕವನ್ನು ಯಾಕೆ ಓದಬೇಕು

ನಮ್ಮ ಮಾರ್ಕೋನಹಳ್ಳಿ ಕಡೆ ಮುದ್ದೆಯಿಲ್ಲದೆ ಊಟ ಪೂರೈಸುವುದಿಲ್ಲ. ಆ ರಾಗಿಯನ್ನು ಕಾಡುಹುಲ್ಲಿನಿಂದ ಪಳಗಿಸಿ ಮೊದಲು ಬೆಳೆ ಮಾಡಿದವರು ಪೂರ್ವ ಆಫ್ರಿಕದ ರೈತರು. ಇಥಿಯೋಪಿಯ, ಉಗಾಂಡದ ಎತ್ತರದ ಸೀಮೆಯಲ್ಲಿ ಸುಮಾರು ಐದು ಸಾವಿರ ವರ್ಷಗಳ ಹಿಂದೆ ಹೊಲಕ್ಕಿಳಿದ ಈ ಧಾನ್ಯ ಆಮೇಲೆ ಸಮುದ್ರ ದಾಟಿ ನಮ್ಮ ಕೆಮ್ಮಣ್ಣಿಗೆ ಬಂತು. ಸಾರಿಗೆ ಕಿವುಚುವ ಹುಣಸೆಹಣ್ಣೂ ಅಷ್ಟೇ. ತುಮಕೂರಿನ ಮಾರುಕಟ್ಟೆ ಹುಣಸೆಗೆ ಹೆಸರುವಾಸಿ, ಆದರೆ ಆ ಮರದ ತವರು ಆಫ್ರಿಕ. ಅಲಸಂದೆ, ಜೋಳ, ಚಿಕ್ಕಮಗಳೂರಿನ ಬೆಟ್ಟದ ಕಾಫಿ ಎಲ್ಲಕ್ಕೂ ಅದೇ ತವರು. ಉಗಾಂಡದ ಪಶ್ಚಿಮ ಭಾಗದಲ್ಲಿ ಇವತ್ತಿಗೂ ಕುದಿಯುವ ನೀರಿಗೆ ರಾಗಿ ಹಿಟ್ಟು ಸುರಿದು, ಕೋಲಿನಲ್ಲಿ ತೊಳಸಿ 'ಕಾಲೊ' ಮಾಡುತ್ತಾರೆ. ಕೈಯಲ್ಲಿ ಮುರಿದು ಸಾರಿನಲ್ಲಿ ಅದ್ದಿ ತಿನ್ನುತ್ತಾರೆ.

ಇದನ್ನು ನನಗೆ ಹೇಳಿದವಳು ನಮ್ಮಣ್ಣನ ಮಗಳು. ಅಣ್ಣ ಅಮೆರಿಕ ಸೇರಿ ಬಹಳ ವರ್ಷಗಳಾದವು, ಹುಡುಗಿ ಹುಟ್ಟಿ ಬೆಳೆದದ್ದೆಲ್ಲ ಅಲ್ಲೇ. ಅಲ್ಲಿನ ಒಂದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಸೈನ್ಸ್ ಓದುತ್ತಿದ್ದಾಳೆ. ಅದರ ಜೊತೆಗೆ 'ಆಫ್ರಿಕನ್ ಮತ್ತು ಆಫ್ರಿಕನ್-ಅಮೆರಿಕನ್ ಅಧ್ಯಯನ'ವನ್ನು ಮೈನರ್ ಆಗಿ ಆರಿಸಿಕೊಂಡಿದ್ದಾಳೆ. ರಜೆಗೆ ಊರಿಗೆ ಬಂದಾಗ ಅಣ್ಣ ನನ್ನ ಹತ್ತಿರ ಅಲವತ್ತುಕೊಂಡ: "ಫೀಸು ಕಟ್ತಿರೋದು ಕಂಪ್ಯೂಟರ್ ಓದ್ಲಿ ಅಂತ ಕಣಮ್ಮ. ಇದನ್ನ ಓದಿದ್ರೆ ಏನ್ ಸಿಗುತ್ತೆ? ನೀನಾದ್ರೂ ಬುದ್ಧಿ ಹೇಳು." ಹುಡುಗಿ ನನ್ನ ಕಡೆ ತಿರುಗಿ, "ಅತ್ತೆ, ನಿಮ್ಮ ಕಾಲೇಜಲ್ಲಿ ಇದನ್ನ ಯಾಕೆ ಓದ್ಸಲ್ಲ? ನಿಮ್ಮ ಸ್ಟೇಟಲ್ಲೇ ಆಫ್ರಿಕದಿಂದ ಬಂದ ಜನ ಇದ್ದಾರಲ್ವಾ?" ಎಂದು ಕೇಳಿದಳು.

ನಾನು ಡಿಗ್ರಿ ಕಾಲೇಜಿನಲ್ಲಿ ಇಂಗ್ಲಿಷ್ ಹೇಳಿಕೊಡುವವಳು. ಅಣ್ಣನ ಪ್ರಶ್ನೆಗೂ ಅವಳ ಪ್ರಶ್ನೆಗೂ ಸೇರಿಸಿ ಉತ್ತರ ಬರೆಯಬೇಕೆನಿಸಿತು. ನನ್ನ ಉತ್ತರ ಒಂದೇ: ಆಫ್ರಿಕದ ಮತ್ತು ಆಫ್ರಿಕನ್-ಅಮೆರಿಕನ್ನರ ಬದುಕನ್ನು ಓದುವುದು ಕರ್ನಾಟಕದ ವಿದ್ಯಾರ್ಥಿಗಳಿಗೆ ಅಗತ್ಯ. ಅದನ್ನು ಇಲ್ಲೇ, ಕನ್ನಡದಲ್ಲೇ, ನಮ್ಮ ನೆಲದ ಸಾಮಗ್ರಿಯಿಂದಲೇ ಓದಿಸಲು ಸಾಧ್ಯವಿದೆ.

ಮೈನರ್ ಎಂದರೇನು?

ಅಮೆರಿಕದಲ್ಲಿ ಪದವಿ ಪಡೆಯಲು ಸಾಮಾನ್ಯವಾಗಿ 120 ಕ್ರೆಡಿಟ್ ಬೇಕು. ಅದರಲ್ಲಿ ದೊಡ್ಡ ಪಾಲು ಮುಖ್ಯ ವಿಷಯದ್ದು, ಅದೇ ಮೇಜರ್. ಹದಿನೈದೋ ಹದಿನೆಂಟೋ ಕ್ರೆಡಿಟ್‌ಗಳನ್ನು, ಎಂದರೆ ಐದಾರು ಪತ್ರಿಕೆಗಳನ್ನು, ಇನ್ನೊಂದು ವಿಷಯದಲ್ಲಿ ಒಟ್ಟಾಗಿ ಮಾಡಿದರೆ ಅದು ಮೈನರ್. ಎಂಜಿನಿಯರಾಗುವವರು ಸಂಗೀತವನ್ನೂ ಡಾಕ್ಟರಾಗುವವರು ತತ್ವಶಾಸ್ತ್ರವನ್ನೂ ಹೀಗೆ ಓದಬಹುದು. ಮುಖ್ಯ ವಿಷಯ ಕೆಲಸಕ್ಕೆ ತಯಾರು ಮಾಡಿದರೆ, ಮೈನರ್ ಆ ಕೆಲಸವನ್ನು ಯಾರ ನಡುವೆ, ಯಾರಿಗಾಗಿ ಮಾಡುತ್ತೇವೆ ಎಂದು ಯೋಚಿಸಲು ಕಲಿಸುತ್ತದೆ.

ಆಫ್ರಿಕನ್-ಅಮೆರಿಕನ್ ಅಧ್ಯಯನದ ಮೈನರ್‌ನಲ್ಲಿ ಒಂದು ಪತ್ರಿಕೆ ಆಫ್ರಿಕದ ಇತಿಹಾಸದ್ದು, ಒಂದು ಗುಲಾಮಗಿರಿಯದು, ಒಂದು ನಾಗರಿಕ ಹಕ್ಕುಗಳ ಹೋರಾಟದ್ದು, ಒಂದು ಸಾಹಿತ್ಯದ್ದು ಇರುತ್ತದೆ. ಸಂಗೀತ, ಧರ್ಮ, ಆರೋಗ್ಯ, ಕಾನೂನು ಇವುಗಳಲ್ಲಿ ವಿದ್ಯಾರ್ಥಿ ತನಗೆ ಬೇಕಾದ್ದನ್ನು ಆರಿಸಿಕೊಳ್ಳುತ್ತಾನೆ. ಇತಿಹಾಸ, ಸಮಾಜಶಾಸ್ತ್ರ, ಸಾಹಿತ್ಯ ಎಂದು ಬೇರೆಬೇರೆ ಕೋಣೆಗಳಲ್ಲಿ ಕೂರಿಸಿದ ಜ್ಞಾನವನ್ನು ಒಂದು ಸಮುದಾಯದ ಅನುಭವದ ಸುತ್ತ ಒಟ್ಟಿಗೆ ತರುವುದು ಇದರ ಹೆಚ್ಚುಗಾರಿಕೆ.

ಈ ಅಧ್ಯಯನ ಯಾರೂ ದಾನವಾಗಿ ಕೊಟ್ಟದ್ದಲ್ಲ. 1968ರ ನವೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಸ್ಟೇಟ್ ಕಾಲೇಜಿನ ಕಪ್ಪು ವಿದ್ಯಾರ್ಥಿಗಳು ಬೇರೆ ಹಿಂದುಳಿದ ಸಮುದಾಯಗಳ ವಿದ್ಯಾರ್ಥಿಗಳ ಜೊತೆ ಸೇರಿ ಮುಷ್ಕರ ಹೂಡಿದರು. "ನಮ್ಮ ಚರಿತ್ರೆ ನಿಮ್ಮ ಪಠ್ಯದಲ್ಲಿ ಎಲ್ಲಿದೆ?" ಎಂಬುದು ಅವರ ಕೇಳಿಕೆಯ ಸಾರ. 1969ರ ಮಾರ್ಚ್‌ವರೆಗೆ, ಸುಮಾರು ಐದು ತಿಂಗಳು, ಪೊಲೀಸರ ಲಾಠಿಯ ನಡುವೆ ಮುಷ್ಕರ ನಡೆಯಿತು. ಕೊನೆಗೆ ಅಲ್ಲಿ ಕಪ್ಪು ಜನರ ಅಧ್ಯಯನಕ್ಕೆ ವಿಭಾಗ ಬಂತು. ಅದೇ ವರ್ಷ ಹಾರ್ವರ್ಡ್‌ನಲ್ಲೂ ವಿಭಾಗ ಶುರುವಾಯಿತು. ಅದಕ್ಕೂ ಬಹಳ ಮೊದಲೇ, 1926ರಲ್ಲಿ, ಕಾರ್ಟರ್ ವುಡ್‌ಸನ್ ಎಂಬ ಇತಿಹಾಸಕಾರ ಫೆಬ್ರುವರಿಯ ಒಂದು ವಾರವನ್ನು ಕಪ್ಪು ಜನರ ಚರಿತ್ರೆಗೆಂದು ಮೀಸಲಿಟ್ಟಿದ್ದರು. ಇವತ್ತು ಅದು ಇಡೀ ತಿಂಗಳ ಆಚರಣೆಯಾಗಿ ಬೆಳೆದಿದೆ. ಆದರೂ ವಿರೋಧ ಮುಗಿದಿಲ್ಲ. 2023ರ ಜನವರಿಯಲ್ಲಿ ಫ್ಲಾರಿಡ ರಾಜ್ಯ ಹೈಸ್ಕೂಲು ಮಕ್ಕಳಿಗೆಂದು ರೂಪಿಸಿದ್ದ ಇಂಥದೇ ಒಂದು ಕೋರ್ಸನ್ನು ತಡೆಯಿತು. ಪಾಠಪುಸ್ತಕದಲ್ಲಿ ಯಾರಿರಬೇಕು, ಯಾರಿರಬಾರದು ಎಂಬ ಜಗಳ ನಮಗೂ ಹೊಸದಲ್ಲ.

ಕಟ್ಟಿದವರು ಯಾರು?

ಪಾಠದ ವಿಷಯಕ್ಕಿಂತ ಈ ಅಧ್ಯಯನ ಕಲಿಸುವ, ಪ್ರಶ್ನೆ ಕೇಳುವ ರೀತಿ ನನಗೆ ಮುಖ್ಯವಾಗಿ ಕಾಣುತ್ತದೆ. ವಾಷಿಂಗ್ಟನ್‌ನ ಶ್ವೇತಭವನ ಕಟ್ಟಿದವರು ಯಾರು ಎಂದರೆ ಮೊದಲು ವಾಸ್ತುಶಿಲ್ಪಿಯ ಹೆಸರು ಹೇಳುತ್ತಿದ್ದರು. ಈ ಅಧ್ಯಯನ ಬೆಳೆದ ಮೇಲೆ ಇನ್ನೊಂದು ಉತ್ತರವೂ ಪಾಠದೊಳಗೆ ಬಂತು: ಕಲ್ಲು ಒಡೆದು, ಇಟ್ಟಿಗೆ ಸುಟ್ಟು, ಮರ ಕೊಯ್ದವರಲ್ಲಿ ಗುಲಾಮರೂ ಇದ್ದರು. ಅವರ ಕೂಲಿ ಅವರ ಯಜಮಾನರ ಕೈಗೆ ಹೋಗುತ್ತಿತ್ತು. ಜಾರ್ಜ್‌ಟೌನ್ ವಿಶ್ವವಿದ್ಯಾಲಯವನ್ನು ಸಾಲದಿಂದ ಪಾರು ಮಾಡಲು ಅದನ್ನು ನಡೆಸುತ್ತಿದ್ದ ಪಾದ್ರಿಗಳು 1838ರಲ್ಲಿ 272 ಗುಲಾಮರನ್ನು ಮಾರಿದ್ದರು. ಆ ಕುಟುಂಬಗಳ ಪಟ್ಟಿಯನ್ನು ಹುಡುಕಿ ತೆಗೆದು, ಇವತ್ತು ಬದುಕಿರುವ ಅವರ ವಂಶದವರನ್ನು ಗುರುತಿಸಲಾಗಿದೆ.

ನಮ್ಮೂರಿನ ಹೆಸರು ಹೇಳಿದರೆ ಹೊರಗಿನವರಿಗೆ ನೆನಪಾಗುವುದು ಶಿಂಷಾ ನದಿಗೆ ಕಟ್ಟಿದ ಮಾರ್ಕೋನಹಳ್ಳಿ ಜಲಾಶಯ. ನೀರು ಮಟ್ಟ ಮೀರಿದಾಗ ತಾನಾಗಿಯೇ ಹೊರಗೆ ಸೆಳೆದು ಹಾಕುವ ಅದರ ಸೈಫನ್ನು ನೋಡಲು ಮಳೆಗಾಲದಲ್ಲಿ ಜನ ಜಾತ್ರೆಯಾಗಿ ಬರುತ್ತಾರೆ. ಕಟ್ಟಿಸಿದವರು ಯಾರೆಂದರೆ ನಾಲ್ವಡಿ ಕೃಷ್ಣರಾಜ ಒಡೆಯರ್, ವಿಶ್ವೇಶ್ವರಯ್ಯ ಎಂದು ಮಕ್ಕಳು ಥಟ್ಟನೆ ಹೇಳುತ್ತಾರೆ. ಆ ಹೆಸರುಗಳು ಉಳಿಯಬೇಕು. ಆದರೆ ಮಣ್ಣು ಹೊತ್ತವರು, ಕಲ್ಲು ಒಡೆದವರು, ಏರಿಯ ಮೇಲೆ ಗುಡಿಸಲು ಹಾಕಿಕೊಂಡು ಬಿಸಿಲಲ್ಲಿ ದುಡಿದವರು ಯಾರು? ಅವರು ಎಲ್ಲಿಂದ ಬಂದರು, ಏನು ಕೂಲಿ ಪಡೆದರು, ಕೆಲಸ ಮುಗಿದ ಮೇಲೆ ಎಲ್ಲಿಗೆ ಹೋದರು? ಯಾರ ಹೊಲ ನೀರಿನಡಿ ಹೋಯಿತು? ಅಮೆರಿಕದ ಗುಲಾಮಗಿರಿಯ ಪಾಠ ಮಾಡಿದ ಮೇಲೆ ನಾನು ವಿದ್ಯಾರ್ಥಿಗಳಿಗೆ ಈ ಪ್ರಶ್ನೆಗಳನ್ನು ಕೊಡುತ್ತೇನೆ. ತಮ್ಮ ತಾತ, ಅಜ್ಜಿಯರನ್ನು ಕೇಳಿಕೊಂಡು ಬನ್ನಿ ಎನ್ನುತ್ತೇನೆ. ಕೇಳಿ ಬಂದ ಮಕ್ಕಳು ಮುಂದಿನ ಪಾಠಕ್ಕೆ ಬೇರೆ ಕಣ್ಣಿನಿಂದ ಕೂರುತ್ತಾರೆ.

ಬಾಯಿಮಾತಿನಿಂದ ಚರಿತ್ರೆ ಬರೆಯುವುದನ್ನು ಈ ಅಧ್ಯಯನ ಗಟ್ಟಿಯಾದ ವಿದ್ಯೆಯಾಗಿ ಬೆಳೆಸಿದೆ. 1936ರಿಂದ 1938ರವರೆಗೆ ಅಮೆರಿಕ ಸರ್ಕಾರದ ಒಂದು ಯೋಜನೆಯಲ್ಲಿ, ಹಿಂದೆ ಗುಲಾಮರಾಗಿದ್ದ 2,300ಕ್ಕೂ ಹೆಚ್ಚು ವೃದ್ಧರ ಮಾತನ್ನು ಬರೆದುಕೊಳ್ಳಲಾಯಿತು. ಅದಕ್ಕೂ ಮೊದಲೇ ಜೋರಾ ನೀಲ್ ಹರ್ಸ್ಟನ್ ಎಂಬ ಲೇಖಕಿ ಅಲಬಾಮಕ್ಕೆ ಹೋಗಿ, 1860ರಲ್ಲಿ ಕದ್ದುಮುಚ್ಚಿ ಬಂದ ಕ್ಲೊಟಿಲ್ಡ ಎಂಬ ಹಡಗಿನಲ್ಲಿ ತಂದಿದ್ದ ಕುಜೊ ಲೂಯಿಸ್ ಎಂಬ ಮುದುಕನ ಜೊತೆ ಕೂತು ಅವನ ಕತೆಯನ್ನು ಅವನದೇ ಮಾತಿನ ಧಾಟಿಯಲ್ಲಿ ಬರೆದರು. ಆ ಪುಸ್ತಕ ಅಚ್ಚಾದದ್ದು 2018ರಲ್ಲಿ. ಮರುವರ್ಷವೇ, ನದಿಯ ಕೆಸರಿನಲ್ಲಿ ಸಿಕ್ಕಿದ ಅವಶೇಷ ಆ ಹಡಗಿನದೇ ಎಂದು ತಜ್ಞರು ಖಚಿತಪಡಿಸಿದರು. ಮುದುಕ ಹೇಳಿದ್ದ ಹಡಗು ನಿಜಕ್ಕೂ ಅಲ್ಲಿತ್ತು. ಜುಂಜಪ್ಪನ ಕಾವ್ಯವನ್ನು ಕಾಡುಗೊಲ್ಲರ ಬಾಯಿಂದ ಕೇಳಿ ಬೆಳೆದ ನಮ್ಮ ಜಿಲ್ಲೆಯ ಹುಡುಗರಿಗೆ ಇದನ್ನು ಒಪ್ಪಿಸಲು ಹೆಚ್ಚು ಮಾತು ಬೇಕಾಗುವುದಿಲ್ಲ.

ಎರಡು ಸಮುದ್ರಗಳ ಕತೆ

ಹದಿನಾರನೇ ಶತಮಾನದ ಆರಂಭದಿಂದ ಹತ್ತೊಂಬತ್ತನೇ ಶತಮಾನದವರೆಗೆ ಅಟ್ಲಾಂಟಿಕ್ ಸಾಗರದ ಹಡಗುಗಳಿಗೆ ಹತ್ತಿಸಿದ ಆಫ್ರಿಕನ್ನರು ಸುಮಾರು 1.25 ಕೋಟಿ. ದಡ ಮುಟ್ಟಿದವರು ಸುಮಾರು 1.07 ಕೋಟಿ. ಉಳಿದವರು ದಾರಿಯಲ್ಲೇ ಸತ್ತರು. ಬಹುಪಾಲು ಜನ ಬ್ರೆಜಿಲ್‌ಗೂ ಕೆರಿಬಿಯನ್ ದ್ವೀಪಗಳಿಗೂ ಹೋದರು. ಇವತ್ತಿನ ಅಮೆರಿಕದ ನೆಲಕ್ಕೆ ನೇರವಾಗಿ ಬಂದವರು ನಾಲ್ಕು ಲಕ್ಷದ ಒಳಗೆ. ಅವರ ಮಕ್ಕಳು, ಮೊಮ್ಮಕ್ಕಳು ಬೆಳೆದ ಹತ್ತಿಯ ಮೇಲೆ ಇಂಗ್ಲೆಂಡಿನ ಗಿರಣಿಗಳು ನಿಂತಿದ್ದವು.

ಆ ಹತ್ತಿಯ ಎಳೆ ನಮ್ಮ ಧಾರವಾಡಕ್ಕೂ ಬಂದಿದೆ. ಅಮೆರಿಕದ ಹತ್ತಿಯನ್ನೇ ನೆಚ್ಚಿಕೊಂಡಿರುವುದು ಅಪಾಯ ಎಂದು ಈಸ್ಟ್ ಇಂಡಿಯಾ ಕಂಪನಿ 1840ರ ದಶಕದಲ್ಲಿ ಅಲ್ಲಿನ ತೋಟಗಾರರನ್ನು ಭಾರತಕ್ಕೆ ಕರೆಸಿತು. ಧಾರವಾಡ ಸೀಮೆಯ ಎರೆಭೂಮಿಯಲ್ಲಿ ನ್ಯೂ ಆರ್ಲಿಯನ್ಸ್ ತಳಿಯ ಬೀಜ ಬಿತ್ತಿಸಿತು. 'ಧಾರವಾಡ ಅಮೆರಿಕನ್' ಎಂಬ ಹತ್ತಿ ಹುಟ್ಟಿದ್ದು ಹಾಗೆ. 1861ರಿಂದ 1865ರವರೆಗೆ ಅಮೆರಿಕದ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ನಿಂತಾಗ ನಮ್ಮ ಹತ್ತಿಯ ಬೆಲೆ ಗಗನಕ್ಕೇರಿತು. ಯುದ್ಧ ಮುಗಿದು ಬೆಲೆ ಕುಸಿದಾಗ ರೈತರು ಸಾಲದಲ್ಲಿ ಉಳಿದರು. ಮಿಸಿಸಿಪ್ಪಿಯ ಗುಲಾಮ ಮತ್ತು ಧಾರವಾಡದ ರೈತ ಒಬ್ಬರನ್ನೊಬ್ಬರು ಕಂಡವರಲ್ಲ. ಆದರೆ ಇಬ್ಬರ ಬದುಕನ್ನೂ ಒಂದೇ ಪೇಟೆ ಆಳುತ್ತಿತ್ತು.

ಇನ್ನೊಂದು ಸಮುದ್ರ ನಮ್ಮದೇ ಅರಬ್ಬೀ ಸಮುದ್ರ. ಇಲ್ಲಿಯೂ ಶತಮಾನಗಳ ಕಾಲ ಆಫ್ರಿಕನ್ನರನ್ನು ಮಾರಿ ತರಲಾಯಿತು. ಅವರಲ್ಲಿ ಕೆಲವರು ದಖ್ಖನಿನ ಸುಲ್ತಾನರ ಸೈನ್ಯ ಸೇರಿ ದೊಡ್ಡ ಅಧಿಕಾರಕ್ಕೇರಿದರು. ಇಥಿಯೋಪಿಯದಲ್ಲಿ ಹುಟ್ಟಿ, ಕೈಯಿಂದ ಕೈಗೆ ಮಾರಾಟವಾಗಿ ಬಂದ ಮಲಿಕ್ ಅಂಬರ್ ಅಹಮದ್‌ನಗರದ ಆಡಳಿತವನ್ನೇ ಹಿಡಿದು, 1626ರಲ್ಲಿ ಸಾಯುವವರೆಗೆ ಮೊಗಲರಿಗೆ ತಲೆನೋವಾಗಿದ್ದ. ಬಿಜಾಪುರದಲ್ಲಿ ಗೋಲಗುಂಬಜಿನಲ್ಲಿ ಮಲಗಿರುವ ಮೊಹಮ್ಮದ್ ಆದಿಲ್‌ಷಾಹನ ಕಾಲಕ್ಕೆ ಇಖ್ಲಾಸ್ ಖಾನ್ ಎಂಬ ಹಬಶಿ, ಎಂದರೆ ಆಫ್ರಿಕನ್ ಮೂಲದವ, ಪ್ರಬಲ ಮಂತ್ರಿಯಾಗಿದ್ದ. ಅವನ ಚಿತ್ರವೊಂದು ಇವತ್ತು ಅಮೆರಿಕದ ಸ್ಯಾನ್ ಡಿಯಾಗೊದ ಕಲಾ ಸಂಗ್ರಹಾಲಯದಲ್ಲಿದೆ. ಇಖ್ಲಾಸ್ ಖಾನ್ ಎಂಬ ಬಿರುದು ಸಿಗುವ ಮೊದಲು ಅವನ ಹೆಸರು ಮಲಿಕ್ ರೆಹಾನ್. ನಮ್ಮ ಶಿರಾದಲ್ಲಿ ಅದೇ ಶತಮಾನದ, ಬಿಜಾಪುರದವರ ಆಳ್ವಿಕೆಯ ಕಾಲದ ಮಲಿಕ್ ರೆಹಾನನ ಗೋರಿಯಿದೆ. ಶಾಸನ, ಫಾರ್ಸಿ ದಾಖಲೆ, ಕಟ್ಟಡದ ಶೈಲಿ ಎಲ್ಲವನ್ನೂ ಎದುರಿಗಿಟ್ಟುಕೊಂಡು ಈ ಎರಡು ಹೆಸರುಗಳ ನಂಟನ್ನು ಹುಡುಕುವುದು ತುಮಕೂರು ಜಿಲ್ಲೆಯ ಇತಿಹಾಸದ ವಿದ್ಯಾರ್ಥಿಗೆ ಎಂಥ ಒಳ್ಳೆಯ ಕೆಲಸ! ಬಸ್ಸು ಹತ್ತಿದರೆ ಸಿಗುವ ಜಾಗ.

ಸಿದ್ದಿಗಳ ಮನೆಯಲ್ಲಿ

ಅಧಿಕಾರಕ್ಕೇರಿದವರು ಕೆಲವರು. ಪೋರ್ಚುಗೀಸರ ಗೋವೆಯಲ್ಲಿ ಮನೆಯಾಳುಗಳಾಗಿ, ಕೂಲಿಗಳಾಗಿ ನವೆದವರು ಬಹಳ. ಅಲ್ಲಿಂದ ತಪ್ಪಿಸಿಕೊಂಡವರು, ಬಿಡುಗಡೆ ಪಡೆದವರು ಘಟ್ಟದ ಕಾಡಿಗೆ ಬಂದರು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡ, ಜೋಯಿಡಾಗಳಲ್ಲಿ, ಪಕ್ಕದ ಧಾರವಾಡ, ಬೆಳಗಾವಿ ಜಿಲ್ಲೆಗಳ ಅಂಚಿನಲ್ಲಿ ಇವತ್ತು ಇರುವ ಸಿದ್ದಿಗಳಲ್ಲಿ ಬಹಳ ಮಂದಿ ಅವರ ಮಕ್ಕಳು. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಹೈದರಾಬಾದಿನ ಸಿಸಿಎಂಬಿ ವಿಜ್ಞಾನಿಗಳು 2011ರಲ್ಲಿ ಪ್ರಕಟಿಸಿದ ವಂಶವಾಹಿ ಅಧ್ಯಯನ ಅವರ ಆಫ್ರಿಕನ್ ಮೂಲವನ್ನು ದೃಢಪಡಿಸಿತು. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಧಾರವಾಡ, ಬೆಳಗಾವಿಯವರು ಸೇರಿದ್ದು 2020ರಲ್ಲಿ. ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡದ್ದೂ ಆ ವರ್ಷವೇ. ರಾಜ್ಯದ ಶಾಸನಸಭೆಯಲ್ಲಿ ಕೂತ ಮೊದಲ ಸಿದ್ದಿ ಅವರು.

ವಿದ್ಯಾರ್ಥಿಗಳನ್ನು ಕರೆದುಕೊಂಡು ಯಲ್ಲಾಪುರ ತಾಲ್ಲೂಕಿನ ಒಂದು ಸಿದ್ದಿ ಮನೆಗೆ ಹೋಗಿದ್ದೆ. ಜಗಲಿಯಲ್ಲಿ ವಯಸ್ಸಾದ ಹೆಂಗಸೊಬ್ಬರು ಕವಂದಿ ಹೊಲಿಯುತ್ತಿದ್ದರು. ಹಳೆಯ ಸೀರೆ, ಅಂಗಿ, ಲಂಗಗಳ ತುಂಡುಗಳನ್ನು ಸೇರಿಸಿ ಮಾಡುವ ಹೊದಿಕೆ ಅದು. ಅವರು ಒಂದು ಮೂಲೆಯಿಂದ ಶುರು ಮಾಡಿ ಅಂಚಿನ ಗುಂಟ ಸುತ್ತು ಬರುತ್ತಿದ್ದರು. ಒಂದು ಸುತ್ತು ಮುಗಿದರೆ ಅದರ ಒಳಗೆ ಇನ್ನೊಂದು ಸುತ್ತು, ಹೀಗೆ ನಡುವಿನವರೆಗೆ. ನೂಲು ದಪ್ಪ, ಹೊಲಿಗೆ ಎದ್ದು ಕಾಣುವಂತೆ ನೇರ. ಮಾದರಿಯ ಕಾಗದವಿಲ್ಲ, ಅಳತೆಯ ಟೇಪಿಲ್ಲ. ಕೆಂಪಿನ ಪಕ್ಕ ಯಾವ ಬಣ್ಣ ಕೂರಬೇಕೆಂದು ತುಂಡನ್ನು ಇಟ್ಟು ನೋಡಿ, ತಲೆ ಅಲ್ಲಾಡಿಸಿ, ತೆಗೆದು, ಇನ್ನೊಂದನ್ನು ಇಡುತ್ತಿದ್ದರು. ಕೊನೆಗೆ ನಾಲ್ಕೂ ಮೂಲೆಗೆ ಮಡಿಸಿದ ಬಟ್ಟೆಯ ಹೂವು ಹೊಲಿಯಬೇಕು. ಅದಿಲ್ಲದೆ ಕವಂದಿ ಪೂರ್ತಿಯಾಗುವುದಿಲ್ಲವಂತೆ.

ನಮ್ಮ ಹುಡುಗಿಯೊಬ್ಬಳು ಅವರ ಪಕ್ಕ ಕೂತು, "ಅಜ್ಜಿ, ನೀವು ಬೆಂಗ್ಳೂರಿಗೆ ಬಂದಿದ್ದೀರಾ?" ಎಂದಳು.

"ಮಗನ ಹತ್ರ ಹೋಗಿದ್ದೆ. ಬಸ್ಸಲ್ಲಿ ಎಲ್ಲ ನೋಡ್ತಿದ್ರು. ಕನ್ನಡ ಎಲ್ಲಿ ಕಲಿತ್ರಿ ಅಂತ ಕೇಳಿದ್ರು. ನಾ ಹುಟ್ಟಿದ್ದೇ ಇಲ್ಲಿ, ನಮ್ಮಜ್ಜನೂ ಇಲ್ಲೇ ಅಂದೆ. ಮಗ ಬಾಡಿಗೆ ಮನೆ ಕೇಳಿದ್ರೆ ಪಾಸ್‌ಪೋರ್ಟ್ ತೋರ್ಸು ಅಂದಿದ್ರಂತೆ."

ಆ ಹುಡುಗಿ ಊರಿಗೆ ಬಂದ ಮೇಲೆ ನಾನು ಹಿಂದೆಯೇ ಮಾಡಿದ್ದ ಪಾಠವೊಂದನ್ನು ಮತ್ತೆ ಕೇಳಿದಳು. ಡು ಬಾಯ್ಸ್ ಎಂಬ ಆಫ್ರಿಕನ್-ಅಮೆರಿಕನ್ ಚಿಂತಕ 1903ರಲ್ಲಿ ಬರೆದ ಪುಸ್ತಕದ ಪಾಠ ಅದು. ಅಮೆರಿಕದ ಕಪ್ಪು ಮನುಷ್ಯ ಯಾವಾಗಲೂ ತನ್ನನ್ನು ತನ್ನ ಕಣ್ಣಿನಿಂದಲೂ ನೋಡಿಕೊಳ್ಳಬೇಕು, ತನ್ನನ್ನು ಕೀಳಾಗಿ ಕಾಣುವವರ ಕಣ್ಣಿನಿಂದಲೂ ನೋಡಿಕೊಳ್ಳಬೇಕು, ಈ ಇಬ್ಬಂದಿಯಲ್ಲೇ ಅವನ ಶಕ್ತಿಯೆಲ್ಲ ಸವೆಯುತ್ತದೆ ಎಂಬುದು ಅವರು ಕಂಡ ಸತ್ಯ. ಕ್ಲಾಸಿನಲ್ಲಿ ಕಷ್ಟವಾಗಿದ್ದ ಆ ಮಾತು ಯಲ್ಲಾಪುರದ ಜಗಲಿಯಿಂದ ಬಂದ ಮೇಲೆ ಅವಳಿಗೆ ಸಲೀಸಾಗಿ ತಿಳಿಯಿತು.

ಕವಂದಿಗೂ ಅಮೆರಿಕಕ್ಕೂ ನಂಟು ಬೆಳೆದಿದೆ. ವಿಸ್ಕಾನ್‌ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಸಿದ್ದಿ ಹೆಂಗಸರ ಜೊತೆ ಕೆಲಸ ಮಾಡಿ ಈ ಕಲೆಯ ಬಗ್ಗೆ ಬರೆದರು. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿರುವ ಶಾಂಬರ್ಗ್ ಕೇಂದ್ರದಲ್ಲಿ ಕವಂದಿಗಳ ಪ್ರದರ್ಶನವೂ ನಡೆಯಿತು. ಅಲಬಾಮದ ಜೀಸ್ ಬೆಂಡ್ ಎಂಬ ಹಳ್ಳಿಯಲ್ಲಿ ಗುಲಾಮರ ವಂಶದ ಹೆಂಗಸರು ತಲೆಮಾರುಗಳಿಂದ ಹಳೆ ಬಟ್ಟೆಯ ಹೊದಿಕೆ ಹೊಲಿಯುತ್ತಾ ಬಂದಿದ್ದಾರೆ. 2002ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂ ಅವನ್ನು ಗೋಡೆಗೆ ಏರಿಸಿದಾಗ ಜಗತ್ತು ಬೆರಗಾಯಿತು. ಎರಡು ಖಂಡಗಳ ಬಡ ಹೆಂಗಸರು, ಪರಸ್ಪರ ಸುದ್ದಿಯೂ ಇಲ್ಲದೆ, ಹರಿದ ಬಟ್ಟೆಯಿಂದ ಇಂಥ ಚೆಲುವನ್ನು ಮಾಡಿದ್ದಾರೆ. ಒಂದು ಸೆಮಿಸ್ಟರ್ ಪೂರ್ತಿ ಓದುವಷ್ಟು ಸಂಗತಿ ಇದೊಂದರಲ್ಲೇ ಇದೆ.

ರಂಗಭೂಮಿ ಈ ದಾರಿಯನ್ನು ವಿಶ್ವವಿದ್ಯಾಲಯಗಳಿಗಿಂತ ಮೊದಲೇ ಹಿಡಿದಿತ್ತು. 1980ರ ದಶಕದಲ್ಲಿ ನೀನಾಸಮ್‌ನ ಚಿದಂಬರರಾವ್ ಜಂಬೆ ಮಂಚಿಕೇರಿಯಲ್ಲಿ ಸಿದ್ದಿಗಳನ್ನೇ ನಟರನ್ನಾಗಿ ಮಾಡಿಕೊಂಡು, ನೈಜೀರಿಯದ ಚಿನುವ ಅಚೀಬೆಯ ಕಾದಂಬರಿಯ ಮೇಲೆ ಕಟ್ಟಿದ 'ಕಪ್ಪು ಜನ ಕೆಂಪು ನೆರಳು' ನಾಟಕ ಆಡಿಸಿದರು. ಆಫ್ರಿಕದ ಹಳ್ಳಿಯೊಂದು ಹೊರಗಿನವರ ಆಳ್ವಿಕೆಯಲ್ಲಿ ಒಡೆಯುವ ಕತೆಯನ್ನು, ಆಫ್ರಿಕವನ್ನು ಕಾಣದ ಆಫ್ರಿಕನ್ ಮೂಲದವರು, ಕನ್ನಡದಲ್ಲಿ ಆಡಿದರು. ಗಿರಿಜಾ ಸಿದ್ದಿ, ಪ್ರಶಾಂತ್ ಸಿದ್ದಿ ಅವರಂಥ ಕಲಾವಿದರು ನೀನಾಸಮ್‌ನಲ್ಲಿ ಕಲಿತು ಮುಂದೆ ಬಂದರು.

ಕೊಲಂಬಿಯದಿಂದ ಭದ್ರಾವತಿವರೆಗೆ

ಜಾತಿಯ ನೋವು ತಿಂದವರು ಕಪ್ಪು ಜನರ ಬದುಕಿಗೂ ತಮಗೂ ಇರುವ ನಂಟನ್ನು ಎಲ್ಲರಿಗಿಂತ ಮೊದಲು ಗುರುತಿಸಿದರು. 1913ರಲ್ಲಿ ಕೊಲಂಬಿಯ ವಿಶ್ವವಿದ್ಯಾಲಯ ಸೇರಿದ ಅಂಬೇಡ್ಕರ್ ಓದುತ್ತಿದ್ದ ಜಾಗ ಹಾರ್ಲೆಮ್‌ಗೆ ಮಗ್ಗುಲಲ್ಲೇ ಇತ್ತು. 1946ರಲ್ಲಿ ಅವರು ಡು ಬಾಯ್ಸ್ ಅವರಿಗೆ ಪತ್ರ ಬರೆದರು. ಅಮೆರಿಕದ ಕಪ್ಪು ಜನ ವಿಶ್ವಸಂಸ್ಥೆಗೆ ಸಲ್ಲಿಸುತ್ತಿದ್ದ ಮನವಿಯ ಪ್ರತಿ ಬೇಕೆಂದೂ, ಅಸ್ಪೃಶ್ಯರ ಪರವಾಗಿ ತಾವೂ ಹಾಗೆ ಮಾಡಲು ಯೋಚಿಸುತ್ತಿರುವುದಾಗಿಯೂ ತಿಳಿಸಿದರು. ಡು ಬಾಯ್ಸ್ ಸಹಾನುಭೂತಿಯಿಂದ ಮರುಪತ್ರ ಬರೆದರು. 1966ರಲ್ಲಿ ಕ್ಯಾಲಿಫೋರ್ನಿಯದ ಓಕ್‌ಲ್ಯಾಂಡಿನಲ್ಲಿ ಬ್ಲ್ಯಾಕ್ ಪ್ಯಾಂಥರ್ ಪಕ್ಷ ಹುಟ್ಟಿತು. 1972ರಲ್ಲಿ ಮುಂಬೈಯಲ್ಲಿ ನಾಮದೇವ ಢಸಾಳ್ ಮತ್ತು ಗೆಳೆಯರು ತಮ್ಮ ಸಂಘಟನೆಗೆ ದಲಿತ ಪ್ಯಾಂಥರ್ಸ್ ಎಂದು ಹೆಸರಿಟ್ಟರು. 1973ರಲ್ಲಿ, ಮಂತ್ರಿಯಾಗಿದ್ದ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯವನ್ನು ಬೂಸಾ ಎಂದ ಮಾತು ಕರ್ನಾಟಕವನ್ನು ಅಲ್ಲಾಡಿಸಿತು. ಅದರ ಬೆನ್ನಿಗೆ ಭದ್ರಾವತಿಯ ಬಿ. ಕೃಷ್ಣಪ್ಪನವರ ಮುಂದಾಳುತನದಲ್ಲಿ ದಲಿತ ಸಂಘರ್ಷ ಸಮಿತಿ ಬೆಳೆಯಿತು. ಸಿದ್ದಲಿಂಗಯ್ಯ, ದೇವನೂರ ಮಹಾದೇವ ಅವರ ಬರಹ ಬಂದದ್ದು ಇದೇ ಕಾಲದಲ್ಲಿ. ಜಗತ್ತಿನ ಬೇರೆ ಮೂಲೆಯ ಅವಮಾನಿತರ ಸಾಹಿತ್ಯದ ಪಕ್ಕದಲ್ಲಿಟ್ಟು ಓದಿದರೆ ಅವರ ಎತ್ತರ ಇನ್ನೂ ಚೆನ್ನಾಗಿ ಕಾಣುತ್ತದೆ.

ಜಾತಿ ಮತ್ತು ವರ್ಣ ಒಂದೇ ಎಂದು ನಾನು ಹೇಳುತ್ತಿಲ್ಲ. ಒಂದು ಮೈಬಣ್ಣದಲ್ಲಿ ಕಾಣುತ್ತದೆ, ಇನ್ನೊಂದು ಹೆಸರು, ಕೇರಿ, ಮದುವೆಗಳಲ್ಲಿ ಅಡಗಿರುತ್ತದೆ. ಎರಡನ್ನೂ ಅಕ್ಕಪಕ್ಕ ಓದಿದಾಗಲೇ ಎಲ್ಲಿ ಹೋಲಿಕೆ, ಎಲ್ಲಿ ವ್ಯತ್ಯಾಸ ಎಂಬುದು ತಿಳಿಯುತ್ತದೆ. ಅವಮಾನ ಹೇಗೆ ವ್ಯವಸ್ಥೆಯಾಗುತ್ತದೆ, ಅದನ್ನು ಜನ ಹೇಗೆ ಮುರಿಯುತ್ತಾರೆ ಎಂಬುದೂ ತಿಳಿಯುತ್ತದೆ.

ಓದದಿದ್ದರೆ ಏನಾಗುತ್ತದೆ ಎಂಬುದಕ್ಕೂ ನಮ್ಮ ಹತ್ತಿರವೇ ಸಾಕ್ಷಿಯಿದೆ. 2016ರ ಜನವರಿ ಕೊನೆಯಲ್ಲಿ ಬೆಂಗಳೂರಿನ ಹೊರವಲಯದಲ್ಲಿ ಸುಡಾನ್ ದೇಶದ ವಿದ್ಯಾರ್ಥಿಯೊಬ್ಬನ ಕಾರು ಬಡಿದು ಒಬ್ಬ ಮಹಿಳೆ ತೀರಿಕೊಂಡರು. ಸ್ವಲ್ಪ ಹೊತ್ತಿಗೆ ಅದೇ ದಾರಿಯಲ್ಲಿ ಬೇರೆ ಕಾರಿನಲ್ಲಿ ಬಂದ, ಆ ಅಪಘಾತಕ್ಕೆ ಏನೇನೂ ಸಂಬಂಧವಿಲ್ಲದ ತಾಂಜಾನಿಯದ ವಿದ್ಯಾರ್ಥಿನಿಯ ಮೇಲೆ ಗುಂಪು ಬಿದ್ದು ಹೊಡೆಯಿತು, ಕಾರಿಗೆ ಬೆಂಕಿ ಹಚ್ಚಿತು. ಸುಡಾನ್ ಬೇರೆ, ತಾಂಜಾನಿಯ ಬೇರೆ. ಆ ಗುಂಪಿಗೆ ಕಂಡದ್ದು ಮೈಬಣ್ಣ ಒಂದೇ. ಐವತ್ತಕ್ಕೂ ಹೆಚ್ಚು ದೇಶಗಳ, ಸಾವಿರಾರು ಭಾಷೆಗಳ ಖಂಡವೊಂದನ್ನು ಒಂದೇ ಬಣ್ಣವಾಗಿ ನೋಡುವ ಈ ಅಜ್ಞಾನ ತಾನಾಗಿ ಹೋಗುವುದಿಲ್ಲ. ಅದನ್ನು ಪಾಠ ಮಾಡಿಯೇ ಕಳೆಯಬೇಕು.

ಇಲ್ಲಿ ಓದಿಸುವುದು ಹೇಗೆ

ನಮ್ಮ ದೇಶದಲ್ಲಿ ಇದಕ್ಕೆ ಬುನಾದಿ ಇಲ್ಲವೆಂದಲ್ಲ. ದೆಹಲಿ ವಿಶ್ವವಿದ್ಯಾಲಯದ ಆಫ್ರಿಕನ್ ಅಧ್ಯಯನ ವಿಭಾಗ 1955ರದು. ಮುಂಬೈ ವಿಶ್ವವಿದ್ಯಾಲಯದ ಕೇಂದ್ರ 1971ರದು. ಮೈಸೂರಿನಲ್ಲಿ ಸಿ.ಡಿ. ನರಸಿಂಹಯ್ಯನವರು ಇಂಗ್ಲೆಂಡಿನ ಸಾಹಿತ್ಯದ ಆಚೆಗೆ ಅಮೆರಿಕ, ಆಫ್ರಿಕಗಳ ಬರಹವನ್ನೂ ತರಗತಿಗೆ ತಂದರು. ಅಚೀಬೆ ಕನ್ನಡಕ್ಕೆ ಬಂದಿದ್ದಾರೆ. ಕೀನ್ಯದ ಲೇಖಕ ಗೂಗಿಯ ವಿಚಾರಗಳನ್ನು ರಹಮತ್ ತರೀಕೆರೆ ಕನ್ನಡದ ಓದುಗರಿಗೆ ಒದಗಿಸಿದ್ದಾರೆ. ಆದರೆ ಇದೆಲ್ಲ ಎಂ.ಎ. ಇಂಗ್ಲಿಷಿನ ಒಂದು ಪತ್ರಿಕೆಯೊಳಗೆ, ಕೆಲವೇ ಓದುಗರ ಕಪಾಟಿನೊಳಗೆ ಉಳಿದಿದೆ. ಬಿ.ಎಸ್ಸಿ., ಬಿ.ಕಾಂ. ಹುಡುಗರ ಕೈಗೆ ಅದು ಸಿಗುವುದಿಲ್ಲ.

2021–22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಕರ್ನಾಟಕಕ್ಕೆ ಬಂದಾಗ, ಬೇರೆ ವಿಭಾಗದ ವಿಷಯವನ್ನು ಮುಕ್ತ ಐಚ್ಛಿಕವಾಗಿ ಓದುವ ಅವಕಾಶ ತೆರೆಯಿತು. 2024–25ರಿಂದ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ನೀತಿ ಯಾವುದೇ ಇರಲಿ, ಮುಖ್ಯ ವಿಷಯದ ಪಕ್ಕದಲ್ಲಿ ಇನ್ನೊಂದನ್ನು ಓದುವ ಜಾಗವನ್ನು ಉಳಿಸಿಕೊಂಡರೆ ಸಾಕು. ನನ್ನನ್ನು ಕೇಳಿದರೆ ಆರು ಪತ್ರಿಕೆಗಳು ಹೀಗಿರಬೇಕು. ಮೊದಲನೆಯದು ಆಫ್ರಿಕದ ನೆಲ, ಬೆಳೆ, ರಾಜ್ಯಗಳು. ಎರಡನೆಯದು ಎರಡು ಸಮುದ್ರಗಳ ಗುಲಾಮ ವ್ಯಾಪಾರ. ಮೂರನೆಯದು ದಖ್ಖನಿನ ಹಬಶಿಗಳು ಮತ್ತು ಕರ್ನಾಟಕದ ಸಿದ್ದಿಗಳು. ನಾಲ್ಕನೆಯದು ಅಮೆರಿಕದ ಕಪ್ಪು ಜನರ ಹೋರಾಟ ಮತ್ತು ನಮ್ಮ ದಲಿತ ಚಳವಳಿ. ಐದನೆಯದು ಸಾಹಿತ್ಯ: ಅಚೀಬೆ, ಗೂಗಿ, 1993ರಲ್ಲಿ ನೊಬೆಲ್ ಪಡೆದ ಟೋನಿ ಮಾರಿಸನ್, ಜೊತೆಗೆ ದೇವನೂರ, ಸಿದ್ದಲಿಂಗಯ್ಯ. ಆರನೆಯದು ಕ್ಷೇತ್ರಕಾರ್ಯ. ಪ್ರತಿಯೊಬ್ಬ ವಿದ್ಯಾರ್ಥಿ ತನ್ನ ಊರಿನಲ್ಲಿ ಹೆಸರು ಉಳಿಯದ ದುಡಿಮೆಗಾರರ ಚರಿತ್ರೆಯನ್ನು ಕೇಳಿ ಬರೆಯಬೇಕು.

ಎರಡು ಷರತ್ತುಗಳನ್ನು ನಾನು ಬಿಡುವುದಿಲ್ಲ. ಒಂದು, ಪಾಠ ಕನ್ನಡದಲ್ಲಿ ಇರಬೇಕು, ಪುಸ್ತಕಗಳೂ ಕನ್ನಡದಲ್ಲಿ ಬರಬೇಕು. ಇಲ್ಲದಿದ್ದರೆ ಇದು ನಗರದ ಇಂಗ್ಲಿಷ್ ಮಕ್ಕಳ ಸೊತ್ತಾಗುತ್ತದೆ. ಇನ್ನೊಂದು, ಸಿದ್ದಿ ಸಮುದಾಯದವರು ಪಾಠ ಮಾಡುವ ಜಾಗದಲ್ಲಿ ಇರಬೇಕು. ಡಮಾಮಿ ಎಂಬ ತಮ್ಮ ಡೋಲು ಬಾರಿಸುವವರು, ಕವಂದಿ ಹೊಲಿಯುವವರು, ಓದಿ ಮೇಲೆ ಬಂದ ಅವರ ಮಕ್ಕಳು ಗೌರವಧನ ಪಡೆದು ತರಗತಿಗೆ ಬರಬೇಕು. ಸ್ಯಾನ್ ಫ್ರಾನ್ಸಿಸ್ಕೊದ ವಿದ್ಯಾರ್ಥಿಗಳು ಅಂದು ಕೇಳಿದ್ದೂ ಇದನ್ನೇ: ನಮ್ಮ ಬಗ್ಗೆ ಓದಿಸಿ, ಓದಿಸುವವರಲ್ಲಿ ನಾವೂ ಇರುತ್ತೇವೆ.

ಇನ್ನು ಅಣ್ಣನ ಪ್ರಶ್ನೆ. ಇದನ್ನು ಓದಿದರೆ ಏನು ಸಿಗುತ್ತದೆ? ಆಫ್ರಿಕದ ದೇಶಗಳ ಜೊತೆ ನಮ್ಮ ವ್ಯಾಪಾರ, ವೈದ್ಯಕೀಯ, ತಂತ್ರಜ್ಞಾನದ ಕೊಡುಕೊಳ್ಳುವಿಕೆ ಬೆಳೆಯುತ್ತಿದೆ. ಅಲ್ಲಿನ ಇತಿಹಾಸ ಬಲ್ಲ ಎಂಜಿನಿಯರಿಗೂ ನರ್ಸಿಗೂ ಪತ್ರಕರ್ತರಿಗೂ ರಾಜತಾಂತ್ರಿಕರಿಗೂ ಕೆಲಸವಿದೆ. ಅಣ್ಣನ ಮಗಳು ಈಗ ಮುಖ ಗುರುತಿಸುವ ತಂತ್ರಾಂಶಗಳು ಕಪ್ಪು ಮೈಬಣ್ಣದವರ ಮುಖದಲ್ಲಿ ಯಾಕೆ ಹೆಚ್ಚು ತಪ್ಪುತ್ತವೆ ಎಂಬುದರ ಮೇಲೆ ಪ್ರಾಜೆಕ್ಟ್ ಮಾಡುತ್ತಿದ್ದಾಳೆ. ಬರೀ ಕಂಪ್ಯೂಟರ್ ಓದಿದ್ದರೆ ಆ ಪ್ರಶ್ನೆ ತನಗೆ ಹೊಳೆಯುತ್ತಿರಲಿಲ್ಲ ಎನ್ನುತ್ತಾಳೆ. ಕೆಲಸದ ಮಾತು ಅಲ್ಲಿಗೆ ಸಾಕು.

ಅದಕ್ಕಿಂತ ದೊಡ್ಡ ಗಳಿಕೆ ಇದು: ತನ್ನಂತಿಲ್ಲದ ಮನುಷ್ಯನನ್ನು ಕಂಡಾಗ ಅವನ ಚರಿತ್ರೆ ಏನಿರಬಹುದೆಂದು ಮೊದಲು ಕೇಳುವ ಅಭ್ಯಾಸ. ಅಂಥ ಅಭ್ಯಾಸವಿರುವ ಹುಡುಗ ನಾಳೆ ತಹಶೀಲ್ದಾರನಾದರೆ ಸಿದ್ದಿಯೊಬ್ಬನ ಅರ್ಜಿಯನ್ನು ಬೇರೆ ರೀತಿ ಓದುತ್ತಾನೆ. ಮನೆ ಮಾಲೀಕನಾದರೆ ಪಾಸ್‌ಪೋರ್ಟ್ ಕೇಳುವುದಿಲ್ಲ. ಮೇಷ್ಟರಾದರೆ ಹಿಂದಿನ ಬೆಂಚಿನ ಮಗುವಿನ ಮನೆಯ ಕತೆಯೂ ಪಾಠವೆಂದು ತಿಳಿಯುತ್ತಾನೆ. ತುಮಕೂರು ವಿಶ್ವವಿದ್ಯಾಲಯವೋ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವೋ ಯಾರಾದರೊಬ್ಬರು ಈ ಮೈನರ್ ಶುರು ಮಾಡಲಿ. ಕುಣಿಗಲ್ಲಿನಿಂದ ಮೊದಲ ವಿದ್ಯಾರ್ಥಿಗಳನ್ನು ಕಳಿಸುವ ಹೊಣೆ ನನ್ನದು.